ಟ್ರೇಲರ್ ಓಲಾಡುತ್ತಿದೆಯಾ? ಸ್ಪಾನರ್ ಹಿಡಿಯುವ ಮೊದಲು ತೂಕ ನೋಡಿ

ಪಿಕಪ್‌ಗೆ ಭಾರೀ ಕ್ಯಾಂಪರ್ ಟ್ರೇಲರ್ (ಪ್ರವಾಸದಲ್ಲಿ ಒಳಗೇ ಉಳಿದುಕೊಳ್ಳುವ ಮನೆಗಾಡಿ) ಕಟ್ಟಿ ಓಡಿಸುವವರ ದೂರುಗಳು ಹೆಚ್ಚುಕಮ್ಮಿ ಒಂದೇ ತರ ಇರುತ್ತವೆ. ಟ್ರೇಲರ್ ಹಿಂದೆ ಬಾಲ ಅಲ್ಲಾಡಿಸುತ್ತದೆ. ಪಿಕಪ್‌ನ ಹಿಂಭಾಗ ಕುಸಿದು ಮುಂಭಾಗ ಮೇಲೇಳುತ್ತದೆ. ಸ್ಟೇರಿಂಗ್ ಹಗುರ ಅನ್ನಿಸುತ್ತದೆ. ಬ್ರೇಕ್ ಒತ್ತಿದರೆ ಯಾರೋ ಹಿಂದಿನಿಂದ ನೂಕಿದ ಹಾಗಾಗುತ್ತದೆ. ಆಗ ಬಹಳ ಜನ ಮಾಡುವ ಮೊದಲ ಕೆಲಸ ಅಂದರೆ ಏನಾದರೊಂದು ಸಾಮಾನು ಕೊಂಡು ತಂದು ಹಾಕಿಸುವುದು. ಏರ್ ಸ್ಪ್ರಿಂಗ್, ಹೊಸ ಶಾಕ್ ಅಬ್ಸಾರ್ಬರ್, ಓಲಾಟ ತಡೆಯುವ ಸ್ವೇ ಬಾರ್, ಹೀಗೆ. ಇವೆಲ್ಲ ಬೇಡ ಅಂತಲ್ಲ. ಆದರೆ ತೊಂದರೆ ತೂಕದಲ್ಲಿದ್ದರೆ ಇವು ಅದನ್ನು ಮುಚ್ಚುತ್ತವೆ ಅಷ್ಟೇ, ಸರಿ ಮಾಡುವುದಿಲ್ಲ.

ಹಾಗಾಗಿ ಈ ಕೈಪಿಡಿಯಲ್ಲಿ ಮೊದಲು ತೂಕ, ಆಮೇಲೆ ಟೈರ್ ಮತ್ತು ಕೊಂಡಿ, ಆಮೇಲೆ ಬ್ರೇಕ್, ಕೊನೆಗೆ ಉಳಿದದ್ದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಓಡಿಸಿ ನೋಡಿ. ಒಟ್ಟಿಗೆ ಮೂರು ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ದಾರಿಯಲ್ಲೇ ಓಲಾಟ ಶುರುವಾದರೆ

ಹುಡುಕಾಟಕ್ಕಿಂತ ಮೊದಲು ಇದು ಗೊತ್ತಿರಲಿ. ಟ್ರೇಲರ್ ಎಡಕ್ಕೆ ಬಲಕ್ಕೆ ತೂಗಾಡತೊಡಗಿದರೆ ಪಿಕಪ್‌ನ ಬ್ರೇಕ್ ತುಳಿಯಬೇಡಿ. ತುಳಿದರೆ ಪಿಕಪ್ ನಿಧಾನವಾಗುತ್ತದೆ, ಟ್ರೇಲರ್ ನೂಕುತ್ತದೆ, ಓಲಾಟ ಜಾಸ್ತಿಯಾಗುತ್ತದೆ. ಸ್ಟೇರಿಂಗ್ ತಿರುಗಿಸಿ ಅದನ್ನು ಹಿಡಿಯಲು ಹೋಗುವುದೂ ತಪ್ಪು. ನಿಮ್ಮ ಕೈ ಯಾವಾಗಲೂ ಅದರ ಹಿಂದೆಯೇ ಇರುತ್ತದೆ. ಸ್ಟೇರಿಂಗ್ ನೆಟ್ಟಗೆ ಹಿಡಿಯಿರಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಬ್ರೇಕ್ ಕಂಟ್ರೋಲರ್ (ಪಿಕಪ್ ಒಳಗಿನಿಂದ ಟ್ರೇಲರ್ ಬ್ರೇಕ್ ನಡೆಸುವ ಸಾಧನ) ಇದ್ದರೆ ಅದರ ಕೈ ಲಿವರನ್ನು ಒತ್ತಿ ಟ್ರೇಲರ್ ಬ್ರೇಕ್ ಮಾತ್ರ ಹಾಕಿ. ಟ್ರೇಲರ್ ಹಿಂದಕ್ಕೆ ಎಳೆಯುತ್ತದೆ, ಸಾಲು ನೇರವಾಗುತ್ತದೆ. ಆ ಲಿವರ್ ಎಲ್ಲಿದೆ ಅಂತ ನೋಡದೆಯೇ ಕೈ ಹೋಗುವಷ್ಟು ಅಭ್ಯಾಸ ಇರಬೇಕು. ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ರೂಢಿ ಮಾಡಿಕೊಳ್ಳಿ.

ಓಲಾಟ ನಿಂತ ಮೇಲೆ ಗಾಡಿ ಬದಿಗೆ ಹಾಕಿ. ಅದೇ ವೇಗದಲ್ಲಿ ಮುಂದುವರಿದರೆ ಅದು ಮತ್ತೆ ಬಂದೇ ಬರುತ್ತದೆ.

ಓಲಾಟ: ಮೂತಿ ಭಾರ ಎಷ್ಟು?

ಟ್ರೇಲರಿನ ಮೂತಿ ಬಾಲ್ (ಪಿಕಪ್ ಹಿಂದಿನ ಕೊಂಡಿಯ ಉಕ್ಕಿನ ಗುಂಡು) ಮೇಲೆ ಕೂತಾಗ ಕೆಳಕ್ಕೆ ಒತ್ತುವ ಭಾರಕ್ಕೆ ಟಂಗ್ ವೇಟ್ ಅಂತಾರೆ. ಇಲ್ಲಿ ಮೂತಿ ಭಾರ ಅನ್ನೋಣ. ಬಾಲ್‌ಗೆ ಕಟ್ಟುವ ಕ್ಯಾಂಪರ್‌ನಲ್ಲಿ ಇದು ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡಾ ಇರಬೇಕು. 3,200 ಕೆಜಿ ಟ್ರೇಲರ್ ಆದರೆ 320ರಿಂದ 480 ಕೆಜಿ. 10ಕ್ಕಿಂತ ಕಮ್ಮಿಯಾದರೆ ಓಲಾಟಕ್ಕೆ ದಾರಿ ತೆರೆದ ಹಾಗೆ. ಎತ್ತರದ, ಉದ್ದನೆಯ ಕ್ಯಾಂಪರ್‌ಗೆ ಅಡ್ಡಗಾಳಿ ಜಾಸ್ತಿ ಹೊಡೆಯುತ್ತದೆ. ಅದಕ್ಕೆ 12, 13 ಶೇಕಡಾ ಇಟ್ಟುಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಟ್ರೇಲರ್ ಅಂದರೆ ಆಕ್ಸಲ್ ಮೇಲೆ ನಿಂತ ಏತ. ಹಿಂದೆ ಭಾರ ಹಾಕಿದರೆ ಮುಂದೆ ಹಗುರಾಗುತ್ತದೆ. ಲೆಕ್ಕ ಸುಲಭ: ಸಾಮಾನಿನ ತೂಕವನ್ನು ಆಕ್ಸಲ್‌ನಿಂದ ಅದು ಎಷ್ಟು ಹಿಂದಿದೆಯೋ ಆ ದೂರದಿಂದ ಗುಣಿಸಿ, ಆಕ್ಸಲ್‌ನಿಂದ ಬಾಲ್‌ವರೆಗಿನ ದೂರದಿಂದ ಭಾಗಿಸಿ. ಬಾಲ್‌ವರೆಗೆ 5 ಮೀಟರ್ ಇದೆ ಅನ್ನಿ. ಆಕ್ಸಲ್‌ಗಿಂತ ಒಂದೂವರೆ ಮೀಟರ್ ಹಿಂದೆ 200 ಲೀಟರ್ ನೀರಿನ ಟ್ಯಾಂಕ್ ಇದೆ. ತುಂಬಿಸಿದರೆ 200 ಕೆಜಿ, ಮೂತಿಯಿಂದ 60 ಕೆಜಿ ಹೋಯಿತು. ಹಿಂದಿನ ಬಂಪರ್‌ಗೆ 60 ಕೆಜಿಯ ಸೈಕಲ್ ಸ್ಟ್ಯಾಂಡ್ ನೇತುಹಾಕಿದ್ದೀರಿ, ಅದು ಆಕ್ಸಲ್‌ನಿಂದ 3 ಮೀಟರ್ ದೂರ. ಇನ್ನೂ 36 ಕೆಜಿ ಹೋಯಿತು. ಶೋರೂಮಿನಲ್ಲಿ ಸರಿಯಾಗಿದ್ದ ಟ್ರೇಲರ್ ಪ್ರವಾಸಕ್ಕೆ ಹೊರಟ ದಿನ ಓಲಾಡುವುದಕ್ಕೆ ಇಷ್ಟು ಸಾಕು.

ಟ್ಯಾಂಕ್ ಆಕ್ಸಲ್‌ಗಿಂತ ಮುಂದಿದ್ದರೆ ಕತೆ ಉಲ್ಟಾ: ನೀರು ಖಾಲಿಯಾದಂತೆ ಮೂತಿ ಹಗುರಾಗುತ್ತದೆ, ಕೊಳೆನೀರಿನ ಟ್ಯಾಂಕ್ ಹಿಂದಿದ್ದರೆ ಎರಡೂ ಸೇರಿ ಹಗುರ ಮಾಡುತ್ತವೆ. "ಹೋಗುವಾಗ ಚೆನ್ನಾಗಿತ್ತು, ವಾಪಸ್ ಬರುವಾಗ ಓಲಾಡಿತು" ಅನ್ನುವ ದೂರಿಗೆ ನಾನು ಮೊದಲು ಕೇಳುವ ಪ್ರಶ್ನೆಯೇ ಟ್ಯಾಂಕ್ ಎಲ್ಲೆಲ್ಲಿದೆ, ಯಾವುದು ತುಂಬಿತ್ತು ಅಂತ.

ಟ್ರೇಲರ್ ಮೂತಿ ಎತ್ತಿಕೊಂಡು ನಿಂತಿದ್ದರೂ ಮೂತಿ ಭಾರ ಸ್ವಲ್ಪ ಕಡಿಮೆಯಾಗುತ್ತದೆ. ಸಮತಟ್ಟಾದ ನೆಲದಲ್ಲಿ ಪಕ್ಕದಿಂದ ನೋಡಿ. ಟ್ರೇಲರ್ ಮಟ್ಟವಾಗಿರಬೇಕು, ಇಲ್ಲವೇ ಮೂತಿ ಒಂದು ಚೂರು ಕೆಳಗಿರಬೇಕು. ಇಲ್ಲದಿದ್ದರೆ ಬಾಲ್‌ನ ಎತ್ತರ ಬದಲಾಯಿಸಬೇಕು.

ವೇಬ್ರಿಡ್ಜ್‌ನಲ್ಲಿ ಮೂರು ಸಲ

ಊಹೆ ಬೇಡ, ತೂಗಿ. ಟ್ರೇಲರ್ ಕೊಳ್ಳುವಾಗ ಕೊಟ್ಟ ಪುಸ್ತಕದಲ್ಲಿರುವುದು ಖಾಲಿ ತೂಕ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ನೀರು, ಪಾತ್ರೆ, ಹಾಸಿಗೆ ಸೇರಿದರೆ ಅದು ನೂರಾರು ಕೆಜಿ ಏರುತ್ತದೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್ ಬೇರೆಬೇರೆಯಾಗಿ ತೋರಿಸುವ ವೇಬ್ರಿಡ್ಜ್ ಸಿಕ್ಕರೆ ಒಳ್ಳೆಯದು. ಪ್ರವಾಸಕ್ಕೆ ಹೊರಡುವ ಹಾಗೆಯೇ ಎಲ್ಲ ತುಂಬಿ, ಜನ ಕೂತು, ಟ್ಯಾಂಕ್ ತುಂಬ ಎಣ್ಣೆ ಹಾಕಿಸಿ ಮೂರು ಸಲ ತೂಗಬೇಕು: ಪಿಕಪ್ ಒಂದೇ, ಟ್ರೇಲರ್ ಕಟ್ಟಿ ಆದರೆ ತೂಕ ಹಂಚುವ ಬಾರ್ (ಮೂತಿ ಭಾರದ ಒಂದು ಪಾಲನ್ನು ಪಿಕಪ್‌ನ ಮುಂದಿನ ಚಕ್ರಕ್ಕೂ ಟ್ರೇಲರ್ ಆಕ್ಸಲ್‌ಗೂ ದಾಟಿಸುವ ಸರಳು) ಹಾಕದೆ, ಆಮೇಲೆ ಬಾರ್ ಹಾಕಿ.

ಒಂದು ಉದಾಹರಣೆ. ಪಿಕಪ್ ಒಂದೇ ಇದ್ದಾಗ ಮುಂದೆ 1,400, ಹಿಂದೆ 1,200, ಒಟ್ಟು 2,600 ಕೆಜಿ. ಬಾರ್ ಹಾಕದೆ ಕಟ್ಟಿದಾಗ ಮುಂದೆ 1,260, ಹಿಂದೆ 1,760, ಒಟ್ಟು 3,020. ವ್ಯತ್ಯಾಸ 420 ಕೆಜಿ, ಇದೇ ಮೂತಿ ಭಾರ. ಆದರೆ ಹಿಂದಿನ ಆಕ್ಸಲ್‌ಗೆ ಬಿದ್ದದ್ದು 420 ಅಲ್ಲ, 560. ಬಾಲ್ ಹಿಂದಿನ ಚಕ್ರಕ್ಕಿಂತ ಆಚೆ ಇರುವುದರಿಂದ ಅದು ಮುಂದಿನ ಚಕ್ರದಿಂದ 140 ಕೆಜಿ ಎತ್ತಿಬಿಟ್ಟಿದೆ. ಸ್ಟೇರಿಂಗ್ ಹಗುರಾಗುವುದು, ಮಳೆಯಲ್ಲಿ ತಿರುವಿನಲ್ಲಿ ಮುಂದಿನ ಚಕ್ರ ಜಾರುವುದು, ರಾತ್ರಿ ಎದುರಿನವರು ಲೈಟ್ ಮಿಟುಕಿಸಿ ಬೈಯುವುದು, ಎಲ್ಲ ಈ 140 ಕೆಜಿಯ ಕೆಲಸ.

ಬಾರ್ ಹಾಕಿದ ಮೇಲೆ ಮುಂದೆ 1,340, ಹಿಂದೆ 1,640 ಬಂತು ಅನ್ನಿ. ಮುಂದಿನ ಚಕ್ರಕ್ಕೆ 80 ಕೆಜಿ ವಾಪಸ್ ಬಂದಿದೆ, 40 ಕೆಜಿ ಟ್ರೇಲರ್ ಆಕ್ಸಲ್‌ಗೆ ಹೋಗಿದೆ. ಕಳೆದುಕೊಂಡದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಕ್ಕಿತು. ಎಷ್ಟು ವಾಪಸ್ ಬರಬೇಕು ಅನ್ನುವುದು ಪಿಕಪ್‌ನಿಂದ ಪಿಕಪ್‌ಗೆ ಬೇರೆ. ಕೆಲವು ತಯಾರಕರು ಅರ್ಧ ಸಾಕು ಅಂತಾರೆ, ಕೆಲವರು ಪೂರ್ತಿ ಅಂತಾರೆ. ನಿಮ್ಮ ಗಾಡಿಯ ಪುಸ್ತಕ ನೋಡಿ. ಮೊದಲಿದ್ದುದಕ್ಕಿಂತ ಮುಂದೆ ಭಾರ ಜಾಸ್ತಿ ಮಾಡಬೇಡಿ. ಹಿಂದಿನ ಚಕ್ರ ಹಗುರಾದರೆ ಅದು ಇನ್ನೊಂದು ತರದ ತೊಂದರೆ.

ವೇಬ್ರಿಡ್ಜ್ ಹತ್ತಿರ ಇಲ್ಲದಿದ್ದರೆ ಟೇಪ್ ಸಾಕು. ಮುಂದಿನ ಚಕ್ರದ ನಡುವಿನಿಂದ ನೇರ ಮೇಲೆ, ನೆಲದಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ಕಟ್ಟುವ ಮೊದಲು 950 ಮಿಮೀ, ಬಾರ್ ಇಲ್ಲದೆ ಕಟ್ಟಿದಾಗ 980, ಬಾರ್ ಹಾಕಿದಾಗ 964 ಬಂದರೆ 30ರಲ್ಲಿ 16 ಇಳಿಯಿತು. ಇದರಿಂದ ಮೂತಿ ಭಾರ ಎಷ್ಟು ಅಂತ ಗೊತ್ತಾಗುವುದಿಲ್ಲ, ಆದರೆ ಬಾರ್ ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ಖಂಡಿತ ಗೊತ್ತಾಗುತ್ತದೆ. ಸಾಲದಿದ್ದರೆ ಬಾರ್ ಹಿಡಿದಿರುವ ಸರಪಳಿಯನ್ನು ಒಂದು ಕೊಂಡಿಯಷ್ಟು ಬಿಗಿ ಮಾಡಿ, ಅದೂ ಮುಗಿದರೆ ಹಿಚ್ (ಪಿಕಪ್ ಹಿಂದೆ ಬಾಲ್ ಹೊತ್ತಿರುವ ಭಾಗ) ತಲೆಯನ್ನು ಒಂದು ವಾಷರ್‌ನಷ್ಟು ಹಿಂದಕ್ಕೆ ಬಾಗಿಸಿ, ಮತ್ತೆ ಅಳೆಯಿರಿ.

ಏರ್ ಸ್ಪ್ರಿಂಗ್ ಬಗ್ಗೆ ಇಲ್ಲಿ ಹೇಳಲೇಬೇಕು. ಅದು ಕುಸಿದ ಹಿಂಭಾಗವನ್ನು ಎತ್ತುತ್ತದೆ, ನೋಡಲು ಚಂದ ಕಾಣುತ್ತದೆ. ಆದರೆ ಮುಂದಿನ ಚಕ್ರಕ್ಕೆ ತೂಕ ವಾಪಸ್ ಕೊಡುವುದಿಲ್ಲ. ಮೇಲಿನ ಲೆಕ್ಕದಲ್ಲಿ ಏರ್ ಸ್ಪ್ರಿಂಗ್ ಹಾಕಿದರೂ ಮುಂದೆ ಸುಮಾರು 1,260 ಕೆಜಿಯೇ ಇರುತ್ತದೆ. ಗಾಡಿ ಮಟ್ಟವಾಗಿ ಕಂಡರೆ ಎಲ್ಲ ಸರಿಯಾಯಿತು ಅಂದುಕೊಳ್ಳುವುದೇ ಅಪಾಯ.

ಎಳೆಯಬಲ್ಲದು ಅಂದ ಮಾತ್ರಕ್ಕೆ ಹೊರಬಲ್ಲದು ಅಂತಲ್ಲ

ಜಾಹೀರಾತಿನಲ್ಲಿ ಬರುವುದು ಎಳೆಯುವ ಶಕ್ತಿ. ಆದರೆ ಕ್ಯಾಂಪರ್ ಎಳೆಯುವವರಿಗೆ ಮೊದಲು ಮುಗಿಯುವುದು ಸಾಮಾನ್ಯವಾಗಿ ಹೊರುವ ಶಕ್ತಿ, ಅಂದರೆ ಪೇಲೋಡ್. ಚಾಲಕನ ಬಾಗಿಲು ತೆರೆದರೆ ಪಕ್ಕದ ಕಂಬದಲ್ಲಿ ಅಥವಾ ಬಾಗಿಲ ಅಂಚಿನಲ್ಲಿ ತೂಕದ ಮಿತಿಗಳ ಸ್ಟಿಕ್ಕರ್ ಇರುತ್ತದೆ. ಪೇಲೋಡ್ 750 ಕೆಜಿ ಅನ್ನಿ. ಮೂತಿ ಭಾರ 420, ಹಿಚ್ ಮತ್ತು ಬಾರ್ 45, ಇಬ್ಬರು ದೊಡ್ಡವರು 145, ಇಬ್ಬರು ಮಕ್ಕಳು 70, ಹಿಂದೆ ಜನರೇಟರ್, ಟೂಲ್ಸ್, ಕುರ್ಚಿ ಎಲ್ಲ ಸೇರಿ 120. ಒಟ್ಟು 800. ಎಳೆಯುವ ಮಿತಿ ಇನ್ನೂ ದೂರ ಇದ್ದರೂ ಹೊರುವ ಮಿತಿ ದಾಟಿಹೋಯಿತು. ಇಂಥ ಗಾಡಿಯಲ್ಲಿ ಹಿಂಭಾಗ ಕುಸಿದರೆ ಅದು ದೋಷ ಅಲ್ಲ, ಲೆಕ್ಕ. ಜನರೇಟರನ್ನು ಟ್ರೇಲರಿನ ಆಕ್ಸಲ್ ಮೇಲೆ ಸಾಗಿಸಿ ನೋಡಿ. ಆಗಲೂ ಮಿತಿ ದಾಟಿದರೆ ಚಿಕ್ಕ ಟ್ರೇಲರ್ ಅಥವಾ ದೊಡ್ಡ ಪಿಕಪ್, ಮೂರನೇ ದಾರಿ ಇಲ್ಲ.

ತೂಕ ಸರಿ ಇದ್ದೂ ಓಲಾಡಿದರೆ

ಟೈರ್ ನೋಡಿ. ಟ್ರೇಲರ್ ಟೈರಿಗೆ ತಣ್ಣಗಿದ್ದಾಗಲೇ ಗಾಳಿ ಚೆಕ್ ಮಾಡಬೇಕು. ಎಷ್ಟು ಗಾಳಿ ಅಂತ ಟ್ರೇಲರ್ ಮೇಲಿನ ಸ್ಟಿಕ್ಕರ್‌ನಲ್ಲಿರುತ್ತದೆ. ಟ್ರೇಲರ್‌ಗೆಂದೇ ಮಾಡಿದ ಟೈರಿನಲ್ಲಿ ಇದು ಹೆಚ್ಚಾಗಿ ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡವೇ ಆಗಿರುತ್ತದೆ. ಪಿಕಪ್‌ನ ಹಿಂದಿನ ಟೈರ್ ಕಮ್ಮಿ ಗಾಳಿಯಲ್ಲಿದ್ದರೆ ಅದರ ಪಕ್ಕದ ಗೋಡೆ ಬಳುಕುತ್ತದೆ, ಓಲಾಟ ಅಲ್ಲಿಂದಲೂ ಶುರುವಾಗುತ್ತದೆ. ಕಾರಿನ ಟೈರ್ ಜಾತಿಯ ಮೆತ್ತನೆ ಟೈರ್ ಇರುವ ಪಿಕಪ್‌ಗಳಲ್ಲಿ ಇದು ಜಾಸ್ತಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ. 2319 ಅಂದರೆ 2019ನೇ ಇಸವಿಯ 23ನೇ ವಾರ. ಟ್ರೇಲರ್ ಟೈರ್ ಸವೆದು ಹಾಳಾಗುವುದಕ್ಕಿಂತ ನಿಂತಲ್ಲೇ ವಯಸ್ಸಾಗಿ ಹಾಳಾಗುವುದೇ ಹೆಚ್ಚು. ಐದಾರು ವರ್ಷ ದಾಟಿದ್ದರೆ ಗೀರು ಎಷ್ಟೇ ಆಳ ಇದ್ದರೂ ಬದಲಾಯಿಸಿ. ವೇಗದ ಅಕ್ಷರವನ್ನೂ ನೋಡಿ: ಎಲ್ ಅಂದರೆ ಗಂಟೆಗೆ 120 ಕಿಮೀ, ಎಂ ಅಂದರೆ 130. ಅದು ಟೈರಿನ ಮಿತಿ. ನಿಮ್ಮ ಜೋಡಿ ಗಾಡಿಯ ಮಿತಿ ಅದಕ್ಕಿಂತ ಕೆಳಗಿರುತ್ತದೆ. 80ರಲ್ಲಿ ತಾನಾಗಿ ಅಡಗುವ ಓಲಾಟ 105ರಲ್ಲಿ ಅಡಗದೆ ಬೆಳೆಯಬಹುದು. ವೇಗ ಹೆಚ್ಚಿದಂತೆ ಅದನ್ನು ತಡೆಯುವ ಗುಣ ಕಮ್ಮಿಯಾಗುತ್ತದೆ.

ಆಮೇಲೆ ಕೊಂಡಿ. ಭಾರೀ ಕ್ಯಾಂಪರ್‌ಗಳಿಗೆ ಸಾಮಾನ್ಯವಾಗಿ ಬರುವ ಬಾಲ್ 2 ಇಂಚು ಅಥವಾ 2 5/16 ಇಂಚು. ಕಪ್ಲರ್ (ಟ್ರೇಲರ್ ಮೂತಿಯಲ್ಲಿ ಬಾಲ್ ಮೇಲೆ ಕೂರುವ ಬಟ್ಟಲು) ಮೇಲೆ ಯಾವ ಅಳತೆ ಅಂತ ಕೆತ್ತಿರುತ್ತದೆ, ಬಾಲ್ ಮೇಲೂ ಇರುತ್ತದೆ. ಎರಡೂ ಒಂದೇ ಇರಲೇಬೇಕು. ದೊಡ್ಡ ಕಪ್ಲರ್‌ಗೆ ಚಿಕ್ಕ ಬಾಲ್ ಹಾಕಿದರೂ ಲಾಕ್ ಬೀಳುತ್ತದೆ, ನೋಡಲು ಸರಿಯಾಗೇ ಕಾಣುತ್ತದೆ, ಹಳ್ಳಕ್ಕೆ ಬಿದ್ದಾಗ ಕಳಚಿಕೊಳ್ಳುತ್ತದೆ. ಕಟ್ಟಿದ ಮೇಲೆ ಜಾಕ್‌ನಿಂದ ಮೂತಿ ಎತ್ತಿ ನೋಡಿ. ಪಿಕಪ್‌ನ ಹಿಂಭಾಗವೂ ಜೊತೆಗೆ ಎದ್ದರೆ ಕೊಂಡಿ ಕೂತಿದೆ. ಲಾಕ್ ಸಡಿಲ ಇದ್ದರೆ ಕಪ್ಲರ್ ಅಡಿಯಲ್ಲಿ ಬಿಗಿ ಮಾಡುವ ನಟ್ ಇರುತ್ತದೆ.

ಗಾಡಿ ಹಿಂದೆ ಮುಂದೆ ಜಗ್ಗುವುದು ಬೇರೆ ದೋಷ, ಅದನ್ನು ಓಲಾಟ ಅಂತ ಗೊಂದಲ ಮಾಡಿಕೊಳ್ಳಬೇಡಿ. ಹಿಚ್ ತೂರಿಸುವ ಚೌಕ ಕೊಳವೆಯಲ್ಲಿ ಆಟ ಇದ್ದರೆ ಹೀಗಾಗುತ್ತದೆ. ಕಾಂಕ್ರೀಟ್ ರಸ್ತೆಯ ಜೋಡಣೆಗಳ ಮೇಲೆ ಒಂದೇ ತಾಳದಲ್ಲಿ ಜಗ್ಗಿದರೆ, ಡಾಂಬರು ರಸ್ತೆಯಲ್ಲಿ ನಿಂತುಹೋದರೆ, ವೇಗ ಐದು ಹತ್ತು ಕಿಮೀ ಬದಲಾಯಿಸಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕು.

ಸ್ವೇ ಬಾರ್ ಇದೆಲ್ಲ ಆದ ಮೇಲೆ.

ಟ್ರೇಲರ್ ಬ್ರೇಕ್ ಹಿಡಿಯುತ್ತಿಲ್ಲ

ಕ್ಯಾಂಪರ್‌ಗಳಲ್ಲಿ ಹೆಚ್ಚಾಗಿ ಇರುವುದು ಎಲೆಕ್ಟ್ರಿಕ್ ಡ್ರಮ್ ಬ್ರೇಕ್. ಚಕ್ರಕ್ಕೊಂದು ಮ್ಯಾಗ್ನೆಟ್. ಕರೆಂಟ್ ಬಂದಾಗ ಅದು ತಿರುಗುವ ಡ್ರಮ್‌ಗೆ ಅಂಟಿಕೊಂಡು ಒಂದು ತೋಳನ್ನು ಎಳೆಯುತ್ತದೆ, ತೋಳು ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಹಾಗಾಗಿ ದೋಷ ಎರಡೇ ಕಡೆ ಇರಬಹುದು: ಕರೆಂಟ್ ಬರುತ್ತಿಲ್ಲ, ಅಥವಾ ಬಂದರೂ ಶೂ ಹಿಡಿಯುತ್ತಿಲ್ಲ.

ಮೊದಲು ಕಂಟ್ರೋಲರ್ ಹೊಂದಾಣಿಕೆ ನೋಡಿ. ಖಾಲಿಯಾದ, ಒಣಗಿದ, ಮಟ್ಟದ ರಸ್ತೆಯಲ್ಲಿ 40 ಕಿಮೀ ವೇಗಕ್ಕೆ ಬಂದು ಕೈ ಲಿವರ್ ಪೂರ್ತಿ ಒತ್ತಿ. ಟ್ರೇಲರ್ ಚಕ್ರ ಲಾಕ್ ಆಗುವ ಹಂತಕ್ಕೆ ಬರುವವರೆಗೆ ಗೇನ್ (ಟ್ರೇಲರ್ ಬ್ರೇಕ್‌ಗೆ ಕಳಿಸುವ ಕರೆಂಟಿನ ಮಟ್ಟ) ಏರಿಸುತ್ತಾ ಹೋಗಿ, ಆಮೇಲೆ ಒಂದು ಚೂರು ಇಳಿಸಿ. ಭಾರ ಬದಲಾದರೆ ಇದನ್ನೂ ಮತ್ತೆ ಮಾಡಬೇಕು. ಪೂರ್ತಿ ಏರಿಸಿದರೂ ಹಿಡಿಯದಿದ್ದರೆ ಮೀಟರ್ ತೆಗೆಯಿರಿ.

ಹಿಂದಿನ ಏಳು ಪಿನ್ ಸಾಕೆಟ್‌ನಲ್ಲಿ ಬ್ರೇಕ್ ಪಿನ್ ಯಾವುದು ಅಂತ ಪುಸ್ತಕದಲ್ಲಿ ನೋಡಿಕೊಳ್ಳಿ. ತಂತಿ ಹೆಚ್ಚಾಗಿ ನೀಲಿ ಇರುತ್ತದೆ, ಆದರೆ ಬಣ್ಣವನ್ನು ಪೂರ್ತಿ ನಂಬಬೇಡಿ. ಒಬ್ಬರು ಕೈ ಲಿವರ್ ಒತ್ತಲಿ, ಇನ್ನೊಬ್ಬರು ಆ ಪಿನ್ ಮತ್ತು ಅರ್ತ್ ಪಿನ್ ನಡುವೆ ವೋಲ್ಟೇಜ್ ನೋಡಲಿ. 12ರ ಹತ್ತಿರ ಬಂದರೆ ಪಿಕಪ್ ಕಡೆ ಸರಿ. ಕೆಲವು ಪಿಕಪ್‌ಗಳ ಕಂಟ್ರೋಲರ್ ಟ್ರೇಲರ್ ಕಟ್ಟದಿದ್ದರೆ ವೋಲ್ಟೇಜ್ ಬಿಡುವುದೇ ಇಲ್ಲ, ಅಂಥದ್ದರಲ್ಲಿ ಪ್ಲಗ್ ಹಾಕಿಯೇ ನೋಡಬೇಕು. ಪಿನ್ ಹಸಿರುಗಟ್ಟಿದ್ದರೆ ಮೊದಲು ಅದನ್ನು ಉಜ್ಜಿ. ಅರ್ತ್ ತಂತಿ ಟ್ರೇಲರ್ ಚಾಸಿಗೆ ಸೇರುವ ಬೋಲ್ಟ್ ಬಿಚ್ಚಿ, ಪೇಂಟ್ ಮತ್ತು ತುಕ್ಕು ಕೆರೆದು ಮತ್ತೆ ಬಿಗಿ ಮಾಡಿ. ಬ್ರೇಕ್ ಒತ್ತಿದಾಗ ಟ್ರೇಲರಿನ ಲೈಟ್ ಮಂಕಾದರೆ ನನಗೆ ಮೊದಲು ಅನುಮಾನ ಬರುವುದು ಇದೇ ಬೋಲ್ಟ್ ಮೇಲೆ.

ಇನ್ನು ಕರೆಂಟ್ ಎಷ್ಟು ಎಳೆಯುತ್ತಿದೆ ನೋಡಿ. 10 ಅಥವಾ 12 ಇಂಚಿನ ಡ್ರಮ್‌ನ ಮ್ಯಾಗ್ನೆಟ್ ಪೂರ್ತಿ ಒತ್ತಿದಾಗ ಸುಮಾರು 3 ಆಂಪ್ ಎಳೆಯುತ್ತದೆ. ಎರಡು ಆಕ್ಸಲ್, ನಾಲ್ಕು ಮ್ಯಾಗ್ನೆಟ್ ಅಂದರೆ ಸುಮಾರು 12. ಒಂಬತ್ತು ಬಂದರೆ ಒಂದು ಚಕ್ರ ಸತ್ತಿದೆ. ಆರು ಬಂದರೆ ಎರಡು ಚಕ್ರ, ಅಥವಾ ಒಂದು ಆಕ್ಸಲ್‌ನ ತಂತಿಯೇ ಕಡಿದಿದೆ. ಸಾಧಾರಣ ಮಲ್ಟಿಮೀಟರ್‌ಗಳ ಮಿತಿ 10 ಆಂಪ್, ಅದರ ಮೂಲಕ ಇದನ್ನು ಅಳೆಯಲು ಹೋದರೆ ಫ್ಯೂಸ್ ಹಾರುತ್ತದೆ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಸತ್ತ ಚಕ್ರದಲ್ಲಿ ಮ್ಯಾಗ್ನೆಟ್‌ನ ಎರಡು ತಂತಿ ಬಿಡಿಸಿ ಓಮ್ ನೋಡಿ. 3ರ ಸುತ್ತಮುತ್ತ ಬರಬೇಕು. ಒಂದು ತಂತಿಯಿಂದ ಮ್ಯಾಗ್ನೆಟ್‌ನ ಲೋಹದ ಮೈಗೆ ಏನೇ ಓದಿದರೂ ಅದು ಸೋರುತ್ತಿದೆ, ಬದಲಾಯಿಸಿ. ಒಂದು ಆಕ್ಸಲ್‌ನ ಎರಡೂ ಕಡೆ ಒಟ್ಟಿಗೆ ಬದಲಾಯಿಸಿದರೆ ಬ್ರೇಕ್ ಒಂದು ಕಡೆಗೆ ಎಳೆಯುವುದಿಲ್ಲ.

ಅತಿ ಕಾಡುವ ದೋಷ ಒಂದಿದೆ. ಕಂಟ್ರೋಲರ್ ಒಮ್ಮೊಮ್ಮೆ ಶಾರ್ಟ್ ಅಂತ ತೋರಿಸುತ್ತದೆ, ಹಳ್ಳ ದಾಟಿದ ಮೇಲೆ ಸರಿಹೋಗುತ್ತದೆ, ಮೆಕ್ಯಾನಿಕ್ ಮುಂದೆ ನಿಲ್ಲಿಸಿದರೆ ಏನೂ ಇಲ್ಲ. ಎಷ್ಟೋ ಟ್ರೇಲರ್‌ಗಳಲ್ಲಿ ಒಂದು ಚಕ್ರದಿಂದ ಎದುರು ಚಕ್ರಕ್ಕೆ ಹೋಗುವ ಬ್ರೇಕ್ ತಂತಿಯನ್ನು ಪೊಳ್ಳಾದ ಆಕ್ಸಲ್ ಕೊಳವೆಯೊಳಗೇ ತೂರಿಸಿರುತ್ತಾರೆ. ಕೊಳವೆಯೊಳಗೆ ಅದನ್ನು ಹಿಡಿದುಕೊಳ್ಳುವುದು ಏನೂ ಇಲ್ಲ. ಅದು ಓಡುವಾಗಲೆಲ್ಲ ಕುಣಿಯುತ್ತದೆ, ರಂಧ್ರದ ಚೂಪು ಅಂಚಿಗೆ ಉಜ್ಜಿಕೊಳ್ಳುತ್ತದೆ, ಕೊನೆಗೆ ತಾಮ್ರ ಹೊರಗೆ ಬಂದು ಕಬ್ಬಿಣಕ್ಕೆ ತಾಗುತ್ತದೆ. ಹೊರಗಿನಿಂದ ನೋಡಿದರೆ ತಂತಿ ಹೊಸದರ ಹಾಗೇ ಇರುತ್ತದೆ. ಕಂಡುಹಿಡಿಯಲು ಕೊಳವೆಯೊಳಗೆ ಹೋಗುವ ಎರಡೂ ತುದಿ ಬಿಡಿಸಿ, ಮೀಟರ್‌ನ ಒಂದು ಕಡ್ಡಿ ತಂತಿಗೆ, ಇನ್ನೊಂದು ಆಕ್ಸಲ್‌ಗೆ ಇಟ್ಟು, ತಂತಿಯನ್ನು ಮೆಲ್ಲಗೆ ಎಳೆದು ಅಲ್ಲಾಡಿಸಿ. ಮೀಟರ್ ಸದ್ದು ಮಾಡಿದರೆ ಸಿಕ್ಕಿತು. ಅದೇ ಕೊಳವೆಯೊಳಗೆ ಹೊಸ ತಂತಿ ತೂರಿಸುವುದು ಸುಮ್ನೆ ದಂಡ. ಹೊರಗಿನಿಂದ ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಕಿ, ಆಕ್ಸಲ್ ಹಿಂಬದಿಗೆ ಕಟ್ಟಿ.

ಕರೆಂಟ್ ಎಲ್ಲ ಸರಿ ಇದ್ದರೆ ಡ್ರಮ್ ಬಿಚ್ಚಬೇಕು. ಶೂ ಮೇಲೆ ಗ್ರೀಸ್ ಇದ್ದರೆ ಸೀಲ್ ಹೋಗಿದೆ. ಆಕ್ಸಲ್ ತುದಿಯ ನಿಪ್ಪಲ್‌ನಿಂದ ಗ್ರೀಸ್ ಒತ್ತುವ ಏರ್ಪಾಡಿದ್ದರೆ, ಗನ್‌ನಲ್ಲಿ ಜೋರಾಗಿ ಒತ್ತಿದವರ ಕೆಲಸವೇ ಇದು. ಗ್ರೀಸ್ ಕುಡಿದ ಶೂ ತೊಳೆದರೆ ಸರಿಹೋಗುವುದಿಲ್ಲ, ಬದಲಾಯಿಸಿ. ಶೂ ಚೆನ್ನಾಗಿದ್ದೂ ಡ್ರಮ್‌ನಿಂದ ದೂರ ಇದ್ದರೆ ಹಿಂದಿನ ಕಿಂಡಿಯಿಂದ ಹಲ್ಲಿನ ಚಕ್ರ ತಿರುಗಿಸಿ, ಚಕ್ರ ತಿರುಗುವಾಗ ಸಣ್ಣಗೆ ಉಜ್ಜುವ ಸದ್ದು ಬರುವಷ್ಟು ಹತ್ತಿರ ತನ್ನಿ.

ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಾಕುವ ಬ್ರೇಕ್‌ಅವೇ ಸ್ವಿಚ್ಚನ್ನೂ ಈಗಲೇ ನೋಡಿಬಿಡಿ. ಪಿಕಪ್ ಪ್ಲಗ್ ತೆಗೆದು, ಪಿನ್ ಎಳೆದು, ಪಿಕಪ್ ಮೆಲ್ಲಗೆ ಮುಂದೆ ಸರಿಸಿ. ಚಕ್ರ ಹಿಡಿದಿರಬೇಕು. ತಕ್ಷಣ ಪಿನ್ ವಾಪಸ್ ಹಾಕಿ, ಬಿಟ್ಟರೆ ಮ್ಯಾಗ್ನೆಟ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ.

ಬಿಸಿ

ಮೊದಲ ಸಲ ನಿಂತಾಗಲೇ ಪ್ರತಿ ಚಕ್ರದ ಹಬ್‌ಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಇಷ್ಟೇ ಇರಬೇಕು ಅಂತ ಒಂದು ಸಂಖ್ಯೆಯ ಹಿಂದೆ ಬೀಳಬೇಡಿ, ಒಂದನ್ನು ಇನ್ನೊಂದಕ್ಕೆ ಹೋಲಿಸಿ. ಮೂರು ಒಂದೇ ತರ ಇದ್ದು ಒಂದು ಮಾತ್ರ ತುಂಬಾ ಬಿಸಿ ಇದ್ದರೆ ಅಲ್ಲಿ ಬೇರಿಂಗ್ ಅಥವಾ ಬ್ರೇಕ್ ತೊಂದರೆ. ಒಂದು ಮಾತ್ರ ತಣ್ಣಗಿದ್ದರೆ ಆ ಚಕ್ರದ ಬ್ರೇಕ್ ಕೆಲಸ ಮಾಡುತ್ತಿಲ್ಲ ಅಂತ. ಬಿಸಿ ಚಕ್ರವನ್ನು ಜಾಕ್ ಮೇಲೆತ್ತಿ ತಿರುಗಿಸಿ: ಬಿಗಿಯಾಗಿದ್ದರೆ ಬ್ರೇಕ್, ಗರಗರ ಅಂದರೆ ಅಥವಾ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಬೇರಿಂಗ್. ಗರಗರ ಸದ್ದಿನ ಬೇರಿಂಗ್‌ನಲ್ಲಿ ಮನೆವರೆಗೆ ಹೋಗಿಬಿಡೋಣ ಅನ್ನಬೇಡಿ. ಅದು ಸಿಕ್ಕಿಕೊಂಡರೆ ಚಕ್ರವೇ ಕಳಚಬಹುದು.

ಏರು ರಸ್ತೆಯಲ್ಲಿ ಪಿಕಪ್‌ನ ಗೇರ್‌ಬಾಕ್ಸ್ ಬಿಸಿಯಾಗುವುದಕ್ಕೆ ಕಾರಣ ಹೆಚ್ಚಾಗಿ ಗೇರ್ ಪದೇ ಪದೇ ಮೇಲೆ ಕೆಳಗೆ ಆಗುತ್ತಿರುವುದು. ಭಾರ ಎಳೆಯಲೆಂದೇ ಇರುವ ಟೋ ಹಾಲ್ ಮೋಡ್ ಹಾಕಿ, ಕೆಳಗಿನ ಗೇರ್‌ನಲ್ಲೇ ಉಳಿಸಿ, ವೇಗ ಇಳಿಸಿ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬದಲಾಯಿಸುವ ಸಮಯ. ಇಳಿಜಾರಿನಲ್ಲೂ ಅದೇ ಕೆಳಗಿನ ಗೇರ್, ಇಳಿಯಲು ಶುರು ಮಾಡುವ ಮೊದಲೇ ಹಾಕಿ. ಬ್ರೇಕ್ ಮೇಲೆ ಸದಾ ಕಾಲಿಟ್ಟರೆ ಡ್ರಮ್ ಕಾದು ಹಿಡಿತ ಬಿಡುತ್ತದೆ, ಆಗ ಕಂಟ್ರೋಲರ್ ಎಷ್ಟೇ ಏರಿಸಿದರೂ ಉಪಯೋಗ ಇಲ್ಲ.

ಇನ್ನೊಂದು. ಇಷ್ಟೆಲ್ಲ ಪರೀಕ್ಷೆಯಲ್ಲಿ ಯಾವುದಾದರೂ ಚಕ್ರ ಬಿಚ್ಚಿದ್ದರೆ ಅದರ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ ಬಿಗಿ ಮಾಡಿ, ಓಡಿಸಿದ ಮೊದಲ 15, 40, 80 ಕಿಮೀಗೆ ನಿಲ್ಲಿಸಿ ಮತ್ತೆ ನೋಡಿ. ಟ್ರೇಲರ್ ಚಕ್ರದ ನಟ್ ಸಡಿಲವಾದರೆ ಪಿಕಪ್ ಒಳಗೆ ಕೂತವರಿಗೆ ಅದರ ಸುಳಿವೇ ಸಿಗುವುದಿಲ್ಲ.